ಕೊಬ್ಬಿನ ಬಾಲ

ಒಡೆದ ಬಾಟಲಿಯ ಚೂಪು ನನ್ನ ಗಂಟಲಿಗೆ ತಾಗಿತ್ತು.

ಹಿಡಿದಿದ್ದವರು ಲ್ಯಾಬಿನ ಮೇಡಂ. ಅರವತ್ತರ ಹೆಂಗಸು. ಇನ್ನೊಂದು ಕೈಯಲ್ಲಿ ನೋಟ್‌ಬುಕ್.

"ನೋಟ್‌ಬುಕ್ ಕೊಡಿ ಮೇಡಂ. ಒಯ್ಯೋದಷ್ಟೇ ನನ್ನ ಕೆಲಸ."

"ಇದು ಡಾಕ್ಟರಿಗೆ ಹೋಗ್ಬೇಕು. ಕ್ರೀಮಲ್ಲಿ ಏನಿತ್ತು ಅಂತ ತಿಳೀದೆ ಆ ಹನ್ನೊಂದು ಹೆಂಗಸರ ಕಣ್ಣು ಉಳಿಸೋದು ಹೇಗೆ?"

ಹನ್ನೊಂದು ಮಂದಿಯೂ ಬಾಸ್‌ನ ಕ್ರೀಮು ಫ್ಯಾಕ್ಟರಿಯ ಪ್ಯಾಕಿಂಗ್ ಸೆಕ್ಷನ್ನಿನವರು. ಹೊಸ ಕ್ರೀಮು ಮುಖಕ್ಕೆ ಹಚ್ಚಿಕೊಳ್ಳಲು ಒಲ್ಲೆ ಎಂದವಳಿಗೆ ಮರುದಿನ ಕೆಲಸವಿಲ್ಲ. ಅದಕ್ಕೆ ಬಾಸ್ ಇಟ್ಟ ಹೆಸರು 'ವಾಲಂಟಿಯರ್'. ಸಹಿ ಹಾಕಿಸಿದವನು ನಾನು. ಕೊನೆಯ ಸಹಿ ನನ್ನ ತಂಗಿಯದು.

ನೋಟ್‌ಬುಕ್ ತಂದರೆ ಅವಳಿಗೆ ದೊಡ್ಡ ಆಸ್ಪತ್ರೆ ಎಂದಿದ್ದ ಬಾಸ್.

"ಕ್ರೀಮಿಗೆ ಹಾಕೋ ಮದ್ದಿನ ಸ್ಯಾಂಪಲ್ ಅಳೆಯೋಕೆ ನನ್ಹತ್ರ ತರ್ತಿದ್ದವನು ನೀನೇ ಅಲ್ವಾ? ಯಾವುದರಲ್ಲಿ ತಂದೆ?"

"ಗಾಜಿನ ಸೀಸೇಲಿ. ಮೆಟ್ಟಿಲ ಮೇಲೆ ಎರಡು ಒಡೆದ್ವು... ಆಮೇಲೆ ಪ್ಲಾಸ್ಟಿಕ್ ಟ್ಯೂಬಿಗೆ ಸುರ್ಕೊಂಡು ತಂದೆ. ಒಂದು ಹನಿ ಚೆಲ್ಲಿಲ್ಲ."

ಚೂಪು ಕೆಳಗಿಳಿಯಿತು.

"ಆ ಮದ್ದು ಪೆಪ್ಟೈಡ್, ಸುಮ್ನೆ ಚರ್ಮದೊಳಗೆ ಇಳಿಯಲ್ಲ ಕಣಪ್ಪಾ. ಇಳೀಲಿ ಅಂತ ಅದಕ್ಕೊಂದು ಕೊಬ್ಬಿನ ಬಾಲ ಕಟ್ತೀವಿ. ಆ ಬಾಲ ಪ್ಲಾಸ್ಟಿಕ್ಕಿಗೆ ಅಂಟ್ಕೊಳ್ಳುತ್ತೆ. ನಾನು ಅಳೆದಾಗ ನೀರಲ್ಲಿ ಉಳಿದಿದ್ದು ಕಾಲು ಭಾಗ. ಫ್ಯಾಕ್ಟರೀಲಿರೋ ಮಾಲೂ ಸಪ್ಪೆ ಅಂದ್ಕೊಂಡು ಕ್ರೀಮಿಗೆ ನಾಲ್ಕು ಪಟ್ಟು ಹಾಕಿಸ್ದೆ. ಇನ್ನೊಂದ್ಸಲ ಅಳೀತೀನಿ ಅಂದ್ರೆ ನಿನ್ನ ಬಾಸ್ ಬಿಡ್ಲಿಲ್ಲ. ಕ್ರೀಮು ತುಂಬಿದ್ದು ಗಾಜಿನ ಡಬ್ಬಿಗೆ. ಅಂಟಿಕೊಳ್ಳೋಕೆ ಸಿಕ್ಕಿದ್ದು ಮುಖ."

ಡಾಕ್ಟರ ಹತ್ತಿರ ನಾನೇ ಕರೆದೊಯ್ಯುತ್ತೇನೆ ಎಂದೆ; ಮೇಡಂ ನೋಟ್‌ಬುಕ್ ಕೈಗಿಟ್ಟರು.

ಕೆಳಗೆ ಕಾರಿನ ಬಾಗಿಲು ಬಡಿದ ಸದ್ದು. ಜೇಬಿನಲ್ಲಿ ಫೋನು. ಬಾಸ್.

"ಸಿಕ್ತಾ?"

"ಸಿಕ್ತು."

"ನಮ್ಮವರು ಬಂದಿದಾರೆ, ಕೊಟ್ಬಿಡು. ನಿನ್ನ ತಂಗಿ ಬೇರೆ ಅಲ್ಲ, ನನ್ನ ತಂಗಿ ಬೇರೆ ಅಲ್ಲ."

"ಹಾಗಾದ್ರೆ ನಿಮ್ಮ ತಂಗಿಗೆ ಹಚ್ಚಿ ನೋಡ್ಬೇಕಿತ್ತು."

ಹಿಂಬದಿಯ ಕಬ್ಬಿಣದ ಮೆಟ್ಟಿಲು ಹಿಡಿದೆವು. ಮೇಡಂ ಮುಂದೆ, ನೋಟ್‌ಬುಕ್ ನನ್ನ ಅಂಗಿಯೊಳಗೆ. ತಿರುವಿನಲ್ಲಿ ಒಬ್ಬನ ಮೂಗು ನನ್ನ ಮೊಣಕೈಗೆ ಸಿಕ್ಕಿತು. ಇನ್ನೊಬ್ಬನ ರಾಡಿಗೆ ನನ್ನ ಪಕ್ಕೆಲುಬು ಸಿಕ್ಕಿತು. ಆದರೂ ಓಡಿದೆವು.

ಡಾಕ್ಟರು ನೋಟ್‌ಬುಕ್ ಓದಿ ಔಷಧಿ ಬದಲಾಯಿಸಿದರು. ಕಣ್ಣು ಉಳಿಯುತ್ತವೆ, ಮುಖದ ಮಾತು ಈಗಲೇ ಬೇಡ ಎಂದರು.

ಬ್ಯಾಂಡೇಜಿನ ಸಂದಿಯಿಂದ ತಂಗಿ ನನ್ನನ್ನೇ ನೋಡುತ್ತಿದ್ದಳು.

"ಅಣ್ಣಾ, ಮೇಡಂ ಎಲ್ಲ ಹೇಳಿದ್ರು. ಪ್ಲಾಸ್ಟಿಕ್ಕಿಗೆ ಸುರಿದವನು ಯಾರು ಅಂತ ಮಾತ್ರ ಹೇಳ್ಲಿಲ್ಲ. ಸಿಕ್ಕಿದ್ನಾ?"

"ಸಿಕ್ಕಿದ."

"ಬಿಡ್ಬೇಡ ಅವ್ನನ್ನ."

ಬಿಡಲಿಲ್ಲ. ಬಾಸ್ ಮೇಲಿನ ದೂರಿನ ಜೊತೆಗೇ ಅವನನ್ನೂ ಸ್ಟೇಷನ್ನಿಗೆ ನಡೆಸಿಕೊಂಡು ಹೋದೆ. ಈವರೆಗೆ ನಾನು ಹಿಡಿದವರಲ್ಲಿ, ದಾರಿಯುದ್ದಕ್ಕೂ ಒಮ್ಮೆಯೂ ತಪ್ಪಿಸಿಕೊಳ್ಳಲು ನೋಡದ ಆಸಾಮಿ ಅವನೊಬ್ಬನೇ.