ಹುಲಿಗೆಮ್ಮನ ತಿರುವಿಗೆ ಮಾಡಿದ ಹಾಳೆ

೧೯೬೪ರಲ್ಲಿ ನಾನು ಹರಿಹರದ ಸಣ್ಣ ಕಾರ್ಖಾನೆಯೊಂದರಲ್ಲಿದ್ದೆ. ಹಸಿ ಬಣ್ಣದ ಮೇಲೆ ರವೆಗಿಂತ ಸಣ್ಣ ಗಾಜಿನ ಮಣಿ ಉದುರಿಸಿ, ಲಾರಿ ದೀಪದ ಬೆಳಕಿಗೆ ಹೊಳೆಯುವ ರಸ್ತೆ ಫಲಕದ ಹಾಳೆ ಮಾಡುತ್ತಿದ್ದೆವು. ಜೊತೆಗಾರ ಭರಮಣ್ಣನ ಹೆಂಡತಿ ಹುಲಿಗೆಮ್ಮ ಲೋಕಿಕೆರೆ ತಿರುವಿನಲ್ಲಿ ಲಾರಿಗೆ ಸಿಕ್ಕಿ ಸತ್ತಿದ್ದಳು. ಆ ತಿರುವಿಗೆಂದೇ ಅವನೊಂದು ಹಾಳೆ ಮಾಡಿದ.

ಮಧ್ಯಾಹ್ನ ಅದನ್ನು ಪರೀಕ್ಷಿಸಲು ಕತ್ತಲೆ ಕೋಣೆ ಹೊಕ್ಕು ಬ್ಯಾಟರಿ ಬೆಳಕು ಬಿಟ್ಟೆ. ಹಾಳೆ ಬೆಳಗಿತು. ನಡುವೆ ಮಾತ್ರ ಹೆಣ್ಣಿನಾಕಾರದ ಕಪ್ಪು. ಬ್ಯಾಟರಿ ಅಲುಗಿಸಿದರೂ ಅದು ಅಲುಗಲಿಲ್ಲ. ಮೆಲ್ಲಗೆ ದೊಡ್ಡದಾಗುತ್ತಾ ಬಂತು. ಮುಖಕ್ಕೆ ತಣ್ಣನೆ ಗಾಳಿ ತಾಗಿತು.

“ಹೊಳಿತೈತೇನ್ರಿ?” ಹೊರಗಿನಿಂದ ಭರಮಣ್ಣ ಕೇಳಿದ.

ನಾನು ಬ್ಯಾಟರಿ ಆರಿಸಿದೆ.

“ಹೊಳಿತೈತೆ, ನಡೀರಿ ಮನಿಗೆ,” ಎಂದಿತು ನನ್ನ ಪಕ್ಕದಲ್ಲೇ ಹೆಣ್ಣು ದನಿ.

ಭರಮಣ್ಣ ಬಾಗಿಲು ಬಡಿಯುತ್ತಾ ಅಳತೊಡಗಿದ. “ಇನ್ನೊಂದ್ಸಲ ಮಾತಾಡಂತ ಹೇಳ್ರಿ ಆಕಿಗೆ!”

ನಾನು ಮತ್ತೆ ಬ್ಯಾಟರಿ ಬಿಟ್ಟೆ. ಹಾಳೆ ಪೂರ್ತಿ ಹೊಳೆಯುತ್ತಿತ್ತು.