ಉಜ್ಜದೆ ಬಿಟ್ಟ ಎಂಟು ತಿಂಗಳು

ಕನ್ನಡಿ ಕೈಗೆ ಕೊಟ್ಟಾಗ ನಿನೋ ಬೆಚ್ಚಿಬಿದ್ದ. ನಾನು ಅಗಿಯಲು ಕೊಟ್ಟಿದ್ದ ಮಾತ್ರೆಯ ಬಣ್ಣ ಕೊಳೆ ಇದ್ದಲ್ಲೆಲ್ಲ ಹಿಡಿದುಕೊಂಡು, ಅವನ ಹಲ್ಲುಗಳು ಬೀಟ್‌ರೂಟಿನ ಹಾಗೆ ಕೆಂಪಾಗಿದ್ದವು.

"ಅಯ್ಯಯ್ಯೋ, ಯಾರನ್ನ ಕಚ್ಚಿ ಬಂದೆ ನಾನು?"

"ಯಾರನ್ನೂ ಇಲ್ಲ. ನಾಲ್ಕು ದಿನದಿಂದ ಸರಿಯಾಗಿ ಉಜ್ಜಿಲ್ಲ, ಅಷ್ಟೇ."

"ಸಮುದ್ರದಲ್ಲಿದ್ದೆ ಕಣ್ರೀ. ಅಲ್ಲಿ ನನ್ನ ಬಾಯಿ ನೋಡೋದು ಬರೀ ಲಾಬ್‌ಸ್ಟರ್‌ಗಳು."

ಜೆರಾಲ್ಡ್‌ಟನ್ ಬಂದರಿನಲ್ಲಿ ಅಣ್ಣನ ದೋಣಿಯಲ್ಲಿ ಲಾಬ್‌ಸ್ಟರ್ ಹಿಡಿಯುವವನು ನಿನೋ. ಇಪ್ಪತ್ತೆಂಟನೇ ವಯಸ್ಸಿಗೆ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದ. ಕ್ಲಿಪ್ ಹಾಕಿದ ಕ್ಲಿನಿಕ್ಕಿನಲ್ಲೇ ಹಲ್ಲು ಶುಚಿ ಮಾಡುವ, ಶುಚಿ ಮಾಡಿಕೊಳ್ಳುವುದನ್ನು ಕಲಿಸುವ ಕೆಲಸ ನನ್ನದು.

ಕೈ ಹಿಡಿದು ಕಲಿಸಿದೆ. ಬ್ರಶ್ಶು ಒಸಡಿನ ಕಡೆಗೆ ಓರೆಯಾಗಿರಬೇಕು, ತಂತಿಯ ಮೇಲೊಮ್ಮೆ, ಕೆಳಗೊಮ್ಮೆ. ಆಮೇಲೆ ಸಣ್ಣ ಬ್ರಶ್ಶನ್ನು ತಂತಿಯಡಿ ತೂರಿಸಿ ಒಂದೊಂದೇ ಹಲ್ಲು. ದೋಣಿಯ ಹಗ್ಗ ಎಳೆದೆಳೆದು ಒರಟಾದ ಆ ದಪ್ಪ ಬೆರಳುಗಳಿಂದ ಕಡ್ಡಿಯಷ್ಟು ತೆಳುವಾದ ಬ್ರಶ್ಶು ಜಾರುತ್ತಿತ್ತು. ಅವನ ಕಣ್ಣು ಮಾತ್ರ ಕನ್ನಡಿಯಲ್ಲಿ ನನ್ನನ್ನೇ ಹುಡುಕುತ್ತಿತ್ತು.

"ಹಲ್ಲು ನೋಡಿ."

"ನೋಡ್ತಾನೇ ಇದೀನಿ. ನೀವು ಅಡ್ಡ ಬರ್ತೀರಿ."

ನಕ್ಕೆ. ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು.

ಚಿಕಿತ್ಸೆಯಲ್ಲಿರುವವರ ಜೊತೆ ಹೊರಗೆ ಒಂದು ಕಾಫಿ ಕುಡಿಯುವುದಕ್ಕೂ ಕ್ಲಿನಿಕ್ಕಿನ ನಿಯಮ ಬಿಡುವುದಿಲ್ಲ. ಹಾಗಾಗಿ ನಾನು ಬಾಯಿ ಬಿಡಲಿಲ್ಲ. ಕ್ಲಿಪ್ ತೆಗೆಯುವ ದಿನಕ್ಕಾಗಿ ಕಾದೆ. ವರ್ಷ ತುಂಬುವ ಹೊತ್ತಿಗೆ ಅವನ ಒಸಡು ಗಟ್ಟಿಯಾಗಿ ತಿಳಿ ಗುಲಾಬಿಯಾಗಿತ್ತು. ಇನ್ನು ಕೆಲವೇ ತಿಂಗಳಲ್ಲಿ ತೆಗೆಯಬಹುದು ಎಂದರು ಕ್ಲಿಪ್ ಹಾಕಿದ್ದ ಡಾಕ್ಟರ್ ಪ್ರೂಡೆನ್ಸ್.

ಆಮೇಲೆ ಏನಾಯಿತೋ. ಮುಂದಿನ ಸಲ ಬಂದಾಗ ಒಸಡು ಊದಿತ್ತು, ಮುಟ್ಟಿದರೆ ರಕ್ತ. ಅದರ ಮುಂದಿನ ಸಲವೂ ಅಷ್ಟೇ.

"ಇಂಥ ಒಸಡಿಟ್ಕೊಂಡು ತಂತಿ ಬಿಗಿಯೋಕಾಗಲ್ಲ. ಎರಡು ವಾರಕ್ಕೊಮ್ಮೆ ಟಾಮ್ಸಿನ್ ಹತ್ರ ಬನ್ನಿ," ಎಂದು ಡಾಕ್ಟರ್ ನನ್ನ ಕಡೆ ಕೈ ತೋರಿಸಿದರು.

ಒಂದು ದಿನವೂ ತಪ್ಪಿಸದೆ ಬಂದ. ಅದೇ ಪಾಠ ಮತ್ತೆ ಮತ್ತೆ ಹೇಳಿದೆ, ಗದರಿದೆ, ಒಮ್ಮೆ ಬೇಡಿಕೊಂಡೆ ಕೂಡ. ಸುಮ್ಮನೆ ತಲೆಯಾಡಿಸುತ್ತಿದ್ದ. ನನ್ನ ಮಾತಿಗೆ ಇವನಲ್ಲಿ ಕಿಮ್ಮತ್ತೇ ಇಲ್ಲ ಎಂದುಕೊಂಡೆ. ಹೀಗೆ ಎಂಟು ತಿಂಗಳು ಕಳೆದ ಮೇಲೆ, ದೂರದ ದಕ್ಷಿಣ ಕರಾವಳಿಯ ಊರು ಆಲ್ಬನಿಯಿಂದ ಬಂದ ಕೆಲಸಕ್ಕೆ ಒಪ್ಪಿಕೊಂಡೆ.

ನಾನು ಹೊರಡುವ ವಾರವೇ ಡಾಕ್ಟರ್, ಹೀಗೇ ಬಿಟ್ಟರೆ ಹಲ್ಲೇ ಹಾಳಾಗುತ್ತದೆ, ಇನ್ನು ಸಾಕೆಂದು ಅವನ ಕ್ಲಿಪ್ ತೆಗೆದರು. ಹಲ್ಲುಗಳು ಹೆಚ್ಚುಕಡಿಮೆ ನೇರ ಸಾಲಾಗಿದ್ದವು. ಆದರೆ ಕ್ಲಿಪ್ ಅಂಟಿದ್ದ ಒಂದೊಂದು ಜಾಗದ ಸುತ್ತಲೂ ಸುಣ್ಣ ಬಳಿದಂಥ ಬಿಳಿ ಕಲೆ.

"ಇದು ಹೋಗುತ್ತಾ?"

"ಪೂರ್ತಿ ಹೋಗಲ್ಲ. ಉಜ್ಜಿದ್ರೆ ಬರ್ತಾನೇ ಇರ್ಲಿಲ್ಲ."

"ಉಜ್ಜೋಕೆ ಬರ್ತಿತ್ತು ಟಾಮ್ಸಿನ್. ಬೇಕಂತಲೇ ಬಿಟ್ಟೆ." ಅವನ ಕಿವಿ ಕೆಂಪಾಯಿತು. "ಒಸಡು ಚೆನ್ನಾಗಿದ್ರೆ ಒಂದೂವರೆ ತಿಂಗಳಿಗೆ ಕರೀತಿದ್ರು. ಕೆಟ್ರೆ ಎರಡೇ ವಾರಕ್ಕೆ. ನಿಮ್ಮನ್ನ ನೋಡೋಕೆ ಬೇರೆ ದಾರಿ ಹೊಳೀಲಿಲ್ಲ."

ಕೈಲಿದ್ದ ಕನ್ನಡಿಯನ್ನು ತಟ್ಟೆಗೆ ಕುಕ್ಕಿದೆ.

"ಕತ್ತೆ! ನಿನ್ನ ಚಿಕಿತ್ಸೆ ಯಾವಾಗ ಮುಗಿಯುತ್ತೋ ಅಂತ ದಿನ ಎಣಿಸ್ತಾ ಇದ್ದೆ ಕಣೋ ನಾನು. ಮುಗಿದ ದಿನ, ಕಾಫಿಗೆ ಬರ್ತೀಯಾ ಅಂತ ನಾನೇ ಕೇಳೋಣ ಅಂತಿದ್ದೆ."

ಅವನ ಮುಖ ಅರಳಿತು. "ಹಾಗಾದ್ರೆ ಕೇಳು ಈಗ."

"ಸೋಮವಾರ ಆಲ್ಬನಿಗೆ ಹೋಗ್ತಿದೀನಿ. ಅಲ್ಲೇ ಕೆಲಸ."

"ನಾನೂ ಬರ್ತೀನಿ. ಅಲ್ಲೂ ಸಮುದ್ರ ಇದೆಯಲ್ಲ."

ಹೂಂ ಅನ್ನುವ ಮಾತು ನಾಲಿಗೆಯವರೆಗೂ ಬಂದಿತ್ತು. ಆದರೆ ನನಗೆ ಕಲಿಸುವುದಕ್ಕೇ ಬರುವುದಿಲ್ಲವೇನೋ ಎಂದು ಕೊರಗುತ್ತ ಮನೆಗೆ ಹೋದ ಸಂಜೆಗಳು ನೆನಪಾದವು. ಅಷ್ಟೂ ದಿನ ಇವನು ಒಳಗೊಳಗೇ ಖುಷಿಪಡುತ್ತಿದ್ದ.

"ಬೇಡ ನಿನೋ. ನಾನು ಬೇಡ್ಕೊಂಡಾಗ್ಲೂ ನೀನು ನಿಜ ಹೇಳ್ಲಿಲ್ಲ. ಅದನ್ನ ಮರೆಯೋಕೆ ನನ್ನ ಕೈಲಾಗಲ್ಲ."

ಮುಂದಿನ ತಪಾಸಣೆಯ ಚೀಟಿ ಬರೆದು, ನನ್ನ ಜಾಗಕ್ಕೆ ಬರಲಿರುವ ಇಂಗ್ರಿಡ್ ಹೆಸರು ಹಾಕಿ ಕೊಟ್ಟೆ. ಅದನ್ನು ಎರಡು ಸಲ ಓದಿ ಜೇಬಿಗಿಟ್ಟುಕೊಂಡ.

"ಅವ್ರಿಗೆ ತೊಂದ್ರೆ ಕೊಡಲ್ಲ," ಎಂದ. "ದಿನಾ ಉಜ್ತೀನಿ."