ಹಣ್ಣಾಗದ ಕಾಯಿ

ಮುಹೂರ್ತ ಮುಗಿದಿತ್ತು. ಊಟದ ಪಂಕ್ತಿ ಏಳಲು ಇನ್ನೂ ಹೊತ್ತಿತ್ತು. ಚಾಮರಾಜನಗರದ ಆ ಕಲ್ಯಾಣ ಮಂಟಪದಲ್ಲಿ ಕೂತವರೆಲ್ಲ ತಂತಮ್ಮ ಅಂಗೈಪರದೆಯ ಮೇಲೆ ಬಗ್ಗಿದ್ದರು. ಮುಂದಿನ ಸಾಲಿನ ಮುದುಕನೊಬ್ಬನನ್ನು ಆಟದ ಹುಲಿ ಅಟ್ಟಿಸಿಕೊಂಡು ಬರುತ್ತಿತ್ತು. ಅದರ ಉಗುರು ಇನ್ನೇನು ತಾಗಿತು ಎನ್ನುವಷ್ಟರಲ್ಲಿ ಅವನ ಕಿವಿಯ ಹಿಂದೆ ಅಂಟಿಸಿದ್ದ ಬಿಲ್ಲೆ ತುಸು ಬೆಚ್ಚಗಾಯಿತು. ಹುಲಿಯ ಕಾಲು ಜಾರಿತು. ಪಕ್ಕದ ಹುಡುಗಿ ಕಟ್ಟುತ್ತಿದ್ದ ಸೇತುವೆ ವಾಲಿ, ಬೀಳದೆ ನಿಂತಿತು. ಇಬ್ಬರ ಮುಖದಲ್ಲೂ ಒಂದೇ ಅಳತೆಯ ನಸುನಗೆ ಮೂಡಿತು.

ಆ ಬಿಲ್ಲೆಯ ಹೆಸರು ‘ಹದ’.

ಆಟ ಮೋಜಾಗಿರಬೇಕೋ ಸವಾಲಾಗಿರಬೇಕೋ ಎಂಬ ಜಗಳ ಗಣಕದ ಆಟಗಳಷ್ಟೇ ಹಳೆಯದು. ಸುಲಭವಾದರೆ ಆಡುವವನು ಆಕಳಿಸುತ್ತಾನೆ, ಕಷ್ಟವಾದರೆ ಸಿಡುಕಿ ಎದ್ದುಹೋಗುತ್ತಾನೆ. ಮೈಸೂರಿನ ವಿಜ್ಞಾನಿ ಚಿನ್ಮಯಿ ಅರಸ್ ಈ ಜಗಳವನ್ನು ಒಂದು ಬಿಲ್ಲೆಯಿಂದ ಮುಗಿಸಿದ್ದಳು. ಅದರೊಳಗಿನ ಬೇಸರಮಾಪಕವು ಮನುಷ್ಯನಿಗೆ ಬೇಸರವಾಗುವ ಮೊದಲೇ, ಅವನ ನರಗಳಲ್ಲಿ ಅದು ಮೊಳೆಯುವಾಗಲೇ, ಅದನ್ನು ಗುರುತಿಸುತ್ತಿತ್ತು. ಆಕಳಿಕೆ ಹತ್ತಿರ ಬಂದರೆ ಆಟವನ್ನು ಬಿಗಿ ಮಾಡುತ್ತಿತ್ತು, ಸಿಡುಕು ಹತ್ತಿರ ಬಂದರೆ ಸಡಿಲಿಸುತ್ತಿತ್ತು. ಪಾಯಸಕ್ಕೆ ಬೆಲ್ಲ ಹಾಕುವ ಕೈಯಂತೆ. ಜನ ಅದನ್ನು ಎಷ್ಟು ಹಚ್ಚಿಕೊಂಡರೆಂದರೆ ಆಮೇಲೆ ಹಾಡು, ಸುದ್ದಿ, ಫೋನಿನ ಮಾತು ಎಲ್ಲವೂ ಅದೇ ಬಿಲ್ಲೆಯ ಹದದಲ್ಲಿ ಬರತೊಡಗಿದವು.

ಮಂಟಪದ ಮ್ಯಾನೇಜರ್ ತನುಶ್ರೀ ಕಂಬಕ್ಕೆ ಒರಗಿ ನೋಡುತ್ತಿದ್ದಳು. ಹೆಣ್ಣೊಪ್ಪಿಸುವ ಶಾಸ್ತ್ರ ಶುರುವಾಯಿತು. ಹುಡುಗಿಯ ತಾಯಿ ಮಗಳ ಕೈಯನ್ನು ಅತ್ತೆಯ ಕೈಗಿಟ್ಟು, ಚೆನ್ನಾಗಿ ನೋಡಿಕೊಳ್ಳಿ ಎಂದು ಹೇಳಿ, ನಸುನಕ್ಕು, ಕುರ್ಚಿಗೆ ಹೋಗಿ ಆಟ ಮುಂದುವರಿಸಿದಳು.

“ಅಳೋ ಜಾಗ ಬಂತು ಮೇಡಂ, ಅಳು ಹಾಕ್ಲಾ?” ಮೈಕಿನವನು ಕೇಳಿದ. ಅವನ ಹತ್ತಿರ ಹಳೆಯ ಮದುವೆಗಳಲ್ಲಿ ಮುದ್ರಿಸಿಟ್ಟ ಅಳು ಇತ್ತು.

“ಹಾಕಪ್ಪ. ಮೆಲ್ಲಗೆ ಹಾಕು, ಊಟ ಸೇರ್ಬೇಕು ಜನಕ್ಕೆ.”

ಹಾಗೆಂದವಳಿಗೆ ತಾನೂ ಅತ್ತಿಲ್ಲವೆಂಬುದು ನೆನಪಾಯಿತು. ಅವಳ ಅಣ್ಣ ಪ್ರೀತಂ ಬಳ್ಳಾರಿಯಲ್ಲಿ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಆ ಸುದ್ದಿಯೂ ಹದವಾಗಿಯೇ ಬಂದಿತ್ತು. ಮೊದಲು ಅವನು ನಗುತ್ತಿರುವ ಚಿತ್ರ, ಆಮೇಲೆ ಕೊಳಲು, ಆಮೇಲೆ ಮಾತು. ಅವಳು ಹೋಗಿ ಮಣ್ಣು ಹಾಕಿ ಬಂದಳು. ಎಲ್ಲೋ ದೂರದ ಬಸ್ಸು ತಪ್ಪಿದಂತೆ ಅನ್ನಿಸಿತೇ ಹೊರತು ಇನ್ನೇನೂ ಆಗಲಿಲ್ಲ. ಮನೆಗೆ ಬಂದು ಪರದೆ ತೆರೆದರೆ ಅಣ್ಣನ ಕಾಯಿ ನಡೆದಿತ್ತು.

ಅಣ್ಣ ತಂಗಿಯರು ವರ್ಷಗಳಿಂದ ಪರದೆಯ ಮೇಲೆ ಚೌಕಾಬಾರ ಆಡುತ್ತಿದ್ದರು. ಅದು ಈಗಲೂ ನಡೆದೇ ಇತ್ತು. ಅವಳು ಕವಡೆ ಹಾಕುತ್ತಿದ್ದಳು, ಕಾಯಿ ನಡೆಸುತ್ತಿದ್ದಳು, ಆ ಕಡೆಯಿಂದಲೂ ಕವಡೆ ಬೀಳುತ್ತಿತ್ತು. ಭಯವಾಗಬೇಕಿತ್ತು, ಆಗಲಿಲ್ಲ. ಭಯವಾಗಲಿಲ್ಲವಲ್ಲ ಎಂದು ಮಾತ್ರ ಅನ್ನಿಸುತ್ತಿತ್ತು, ಅದೂ ಸಣ್ಣಗೆ.

ಮರುವಾರ ಅವಳು ಮೈಸೂರಿಗೆ ಹೋದಳು.

ಚಿನ್ಮಯಿಯ ಪ್ರಯೋಗಾಲಯದ ಕಿಟಕಿಯಾಚೆ ಹೊಂಗೆಮರವಿತ್ತು. ಅವಳು ತನುಶ್ರೀಗಿಂತ ಚಿಕ್ಕವಳು. ಪರದೆಯನ್ನು ಕೈಗೆ ತೆಗೆದುಕೊಂಡು ನೋಡಿದಳು.

“ಇದು ಬದಲಿಗೈ ಅಮ್ಮಾ. ಜೊತೆಗಾರ ಎದ್ದುಹೋದ್ರೆ ಆಡ್ತಿರೋರಿಗೆ ಬೇಸರ ಆಗುತ್ತಲ್ಲ? ಅದಕ್ಕೆ ಅವರು ಆಡೋ ರೀತಿ ಕಲಿತ್ಕೊಂಡು ಯಂತ್ರ ಮುಂದುವರಿಸುತ್ತೆ. ಅಜ್ಜಿ ಕತೆ ಹೇಳ್ತಿರ್ತಾರೆ, ಹೂಂಗುಟ್ಟೋ ಮಗು ನಿದ್ದೆ ಹೋಗಿರುತ್ತೆ. ಬೇರೆ ಯಾರೋ ಹೂಂ ಅಂತಿದ್ರೆ ಕತೆ ನಿಲ್ಲಲ್ಲ ನೋಡಿ, ಹಂಗೆ.”

“ಅಂದ್ರೆ ಹೂಂ ಅಂತಿರೋದು ನಮ್ಮಣ್ಣ ಅಲ್ಲ.”

“ಅಲ್ಲ. ನಿಲ್ಲಿಸಿಬಿಡ್ಲಾ?”

“ನಿಲ್ಸೋದು ಬ್ಯಾಡ. ಮುಗಿಸ್ಬೇಕು. ಅದನ್ನೇ ಕೇಳೋಕೆ ಬಂದೆ. ಯಾಕ್ ಮೇಡಂ ಇದು ಮುಗೀತಾನೇ ಇಲ್ಲ? ಚಿಕ್ಕೋರಾಗಿದ್ದಾಗ ಸಾರು ಕುದಿಯೋದ್ರೊಳಗೆ ಒಂದಾಟ ಮುಗೀತಿತ್ತು.”

ಚಿನ್ಮಯಿ ಹಳೆಯ ನಡೆಗಳನ್ನು ಹಿಂದಕ್ಕೆ ಓಡಿಸಿದಳು. ಕಾಯಿಗಳು ಹೊರಸುತ್ತಿನ ಮನೆಗಳಲ್ಲಿ ಸುತ್ತುತ್ತಲೇ ಇದ್ದವು, ಗಾಣದ ಎತ್ತಿನಂತೆ. ಒಂದಾದರೂ ಒಳಸುತ್ತಿಗೆ ಕಾಲಿಟ್ಟಿರಲಿಲ್ಲ.

“ಒಳಗೆ ಹೋಗೋಕೆ ಏನಾದ್ರೂ ನಿಯಮ ಇದೆಯಾ?”

ತನುಶ್ರೀ ಅವಳ ಮುಖ ನೋಡಿದಳು. “ನೀವು ಚೌಕಾಬಾರ ಆಡಿಲ್ವಾ?”

“ನಮ್ಮನೇಲಿ ನಾನೊಬ್ಳೇ ಮಗು.”

“ಅಯ್ಯೋ ಪಾಪ. ಎದುರಾಳಿ ಕಾಯೀನ ಒಂದಾದ್ರೂ ಕಡೀಬೇಕು ಮೇಡಂ. ಕಡೀದೇ ಇದ್ರೆ ಒಳಗೆ ದಾರಿ ಇಲ್ಲ. ಒಳಗೆ ಹೋಗಿ ನಡುಮನೆ ಸೇರಿದ್ರೇನೇ ಕಾಯಿ ಹಣ್ಣಾಗೋದು.”

ಚಿನ್ಮಯಿ ನಡೆಗಳನ್ನು ಇನ್ನೊಮ್ಮೆ ಮೊದಲಿನಿಂದ ಓಡಿಸಿ ನೋಡಿದಳು. ಕಾಯಿ ಕಡಿಸಿಕೊಂಡವರ ನರಗಳಲ್ಲಿ ಏಳುವ ಸಿಡುಕು ಮಾಪಕಕ್ಕೆ ಸಿಕ್ಕಿದ್ದರಲ್ಲೆಲ್ಲ ದೊಡ್ಡದು. ಆದ್ದರಿಂದ ಹದವು ಕವಡೆಗಳನ್ನು ಒಂದೊಂದು ಮನೆ ಹಿಂದು ಮುಂದು ಮಾಡಿ ಯಾರೂ ಯಾರನ್ನೂ ಕಡಿಯದಂತೆ ಕಾಯ್ದಿತ್ತು. ಆದರೆ ನಿಯಮವನ್ನು ಮಾತ್ರ ಮುಟ್ಟಿರಲಿಲ್ಲ. ಹೀಗಾಗಿ ನಾಡಿನ ಯಾವ ಪರದೆಯಲ್ಲೂ ಒಂದು ಕಾಯಿ ಹಣ್ಣಾಗಿರಲಿಲ್ಲ. ಯಾರಿಗೂ ಅದು ಹೊಳೆದಿರಲಿಲ್ಲ. ಹೊಳೆಯುವಷ್ಟು ಬೇಸರವಾಗಲು ಬಿಲ್ಲೆ ಬಿಟ್ಟಿರಲಿಲ್ಲ.

“ಚೌಕಾಬಾರ ಶುರು ಮಾಡಿದೋರು ಬಿಡೋದೇ ಇಲ್ಲ ಅಂತ ನಮ್ಮ ವರದೀಲಿತ್ತು,” ಎಂದಳು ಚಿನ್ಮಯಿ. “ಅದಕ್ಕೆ ನಾವು ಸಿಹಿ ಹಂಚಿದ್ವಿ.”

“ಏನ್ ಸಿಹಿ?”

“ಮೈಸೂರ್ ಪಾಕ್.”

“ಅದಕ್ಕಾದ್ರೂ ಹದ ಬಂದಿತ್ತಾ?”

ಚಿನ್ಮಯಿ ಎದ್ದು ಬಂದು ತನುಶ್ರೀಯ ಕಿವಿಯ ಹಿಂದಿನ ಬಿಲ್ಲೆಯನ್ನು ಮೆಲ್ಲಗೆ ಕಿತ್ತಳು. ಚರ್ಮ ಅಲ್ಲಿ ಎಳೆಗೂಸಿನದರಂತೆ ಬಿಳಿಚಿಕೊಂಡಿತ್ತು.

“ಇನ್ನು ಕವಡೆ ತನ್ನಷ್ಟಕ್ಕೆ ಬೀಳುತ್ತೆ. ಬದಲಿಗೈ ನಿಮ್ಮಣ್ಣನ ರೀತೀಲೇ ಆಡುತ್ತೆ. ಸೋಲಬಹುದು ಅಮ್ಮಾ.”

“ನಮ್ಮಣ್ಣನ ರೀತಿ ನಂಗೊತ್ತು. ತನ್ನ ಕಾಯಿ ಹಾಳಾಗ್ಹೋಗ್ಲಿ, ನನ್ ಕಾಯಿ ಹಿಂದೇನೇ ಬೀಳ್ತಾನೆ.”

ಆಟ ಶುರುವಾಯಿತು. ಮೊದಮೊದಲು ತನುಶ್ರೀಯ ಬೆರಳು ಎಂದಿನಂತೆ ಸುಮ್ಮನೆ ನಡೆಯಿತು. ಅಣ್ಣನ ಕಾಯಿ ಎರಡು ಸಲ ಅವಳ ಕಾಯಿಯ ಹತ್ತಿರ ಬಂದು ತಪ್ಪಿತು. ಮೂರನೆಯ ಸಲ ಆ ಕಡೆ ಕವಡೆ ಉರುಳಿ ಚೌಕ ಬಿತ್ತು. ಅವನ ಕಾಯಿ ನಾಲ್ಕು ಮನೆ ನಡೆದು ಬಂದು ಅವಳ ಕಾಯಿಯ ತಲೆಯ ಮೇಲೆ ಕೂತಿತು. ಅವಳದ್ದು ಮೊದಲಿನ ಮನೆಗೆ ಹಿಂದಿರುಗಿ ಬಿತ್ತು.

ತನುಶ್ರೀ ಪರದೆಯನ್ನೇ ದಿಟ್ಟಿಸಿದಳು.

“ವಾಲಿತ್ತು,” ಎಂದಳು.

“ಏನು?”

“ಕವಡೆ ವಾಲಿತ್ತು ಕಣೋ! ಚೌಕ ಅಲ್ಲ ಅದು, ವಾಲಿತ್ತು! ಇನ್ನೊಂದ್ಸಲ ಹಾಕು! ಕಳ್ಳ, ಕಳ್ ನನ್ಮಗ್ನೆ, ಅವ್ವಂಗ್ ಹೇಳ್ತೀನಿ ನೋಡು!”

ಚಿಕ್ಕಂದಿನಲ್ಲಿ ಅವರ ಜಗಳವೆಲ್ಲ ವಾಲಿದ ಕವಡೆಯದೇ. ನೆಲದ ಬಿರುಕಿಗೆ ಸಿಕ್ಕಿ ಕವಡೆ ಅರ್ಧ ಮಗುಚಿ ನಿಂತರೆ ಇವಳು ವಾಲಿದೆ ಎನ್ನುತ್ತಿದ್ದಳು, ಅವನು ಇಲ್ಲ ಎನ್ನುತ್ತಿದ್ದ, ಅವ್ವ ಸೌಟು ಹಿಡಿದು ಬರುತ್ತಿದ್ದಳು. ಪರದೆಯ ಕವಡೆ ವಾಲುವುದಿಲ್ಲ.

ಕಡಿದದ್ದರಿಂದ ಅಣ್ಣನ ಕಾಯಿಗೆ ದಾರಿ ತೆರೆದಿತ್ತು, ಒಳಸುತ್ತಿಗೆ ಹೋಯಿತು. ತನುಶ್ರೀ ಹಲ್ಲು ಕಚ್ಚಿ ಆಡಿದಳು. ಬೈದಳು. ಪರದೆಯನ್ನು ಮೇಜಿಗೆ ಕುಕ್ಕಿದಳು. ಅವನ ಒಂದು ಕಾಯಿಯನ್ನು ಕಡಿಯಲು ಊಟದ ಹೊತ್ತು ಮೀರುವವರೆಗೂ ಅಟ್ಟಿದಳು, ಕವಡೆ ಒಲಿಯಲಿಲ್ಲ. ಅವಳ ಕಾಯಿಗಳು ಹೊರಗೇ ಸುತ್ತುತ್ತಿದ್ದವು. ಅವನವು ಒಂದೊಂದಾಗಿ ನಡುಮನೆ ಸೇರಿ ಹಣ್ಣಾದವು. ಹೊಂಗೆಮರದ ನೆರಳು ಕಿಟಕಿಯ ಈ ಬದಿಗೆ ಹೊರಳಿತು. ಕೊನೆಯ ಕಾಯಿಗೆ ಒಂದೇ ಮನೆ ಬೇಕಿತ್ತು, ಒಂದೇ ಬಿತ್ತು. ಅದೂ ಒಳಗೆ ಹೋಯಿತು.

ಪರದೆ ಸುಮ್ಮನಾಯಿತು. ಆ ಕಡೆಯಿಂದ ಇನ್ನು ಬೀಳಬೇಕಾದ ಕವಡೆಯೇ ಇರಲಿಲ್ಲ.

ತನುಶ್ರೀ ಆ ಖಾಲಿ ಮನೆಗಳನ್ನು ನೋಡುತ್ತ ಕೂತಳು. ಅವಳ ಸೆರಗು ಒದ್ದೆಯಾಗಿತ್ತು. ಎಷ್ಟು ಹೊತ್ತಿನಿಂದಲೋ, ಅವಳಿಗೇ ಗೊತ್ತಿರಲಿಲ್ಲ.

“ಹೋದ,” ಎಂದಳು. “ನಮ್ಮಣ್ಣ ಹೋಗ್ಬಿಟ್ಟ ಮೇಡಂ.”

ಇಂಥದ್ದು ಚಿನ್ಮಯಿಯ ಎದುರು ನಡೆದು ಬಹಳ ಕಾಲವಾಗಿತ್ತು. ಸಾವಿನ ಮನೆಗೆ ಹೋದವರು ಮೊದಲು ಏನು ಕೇಳುತ್ತಿದ್ದರೆಂದು ನೆನಪು ಮಾಡಿಕೊಂಡು, ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಅದನ್ನೇ ಕೇಳಿದಳು.

“ಯಾವಾಗ?”

“ಈಗ,” ಎಂದಳು ತನುಶ್ರೀ.